ಒಂದು ತಲೆ ಕಡಿಮೆ

ಅಲ್ಲಾ, ತಲೆ ಎಣಿಸುವ ವಿಷಯದಲ್ಲಿ ಸಲೂನಿನ ಯಜಮಾನರಿಗೆ ಯಾರಾದರೂ ಪಾಠ ಹೇಳಬೇಕೇ? ಬೆಳಗಾದರೆ ತಲೆಗಳ ಮಧ್ಯೆಯೇ ಬದುಕುವ ಮನುಷ್ಯ. ಆದರೆ ಮಗಳನ್ನು ಸ್ಕೂಲಿಗೆ ನಡೆಸಿಕೊಂಡು ಹೋಗಿ ಬರುವಷ್ಟರಲ್ಲಿ ಅರ್ಧ ಗಿರಾಕಿಗಳು ಎದುರಿನ ಸಲೂನು ಸೇರಿರುತ್ತಿದ್ದರು. ಹಾಗಾಗಿ ಸರ್ಕಾರಿ ಸ್ಕೂಲಿನ ಬಸ್ಸು ನಮ್ಮ ಗಲ್ಲಿಗೂ ಬರಲೇಬೇಕು ಅಂತ ಪಟ್ಟು ಹಿಡಿದರು.

ಬಸ್ಸು ಸುಮ್ಮನೆ ಬರುತ್ತದೆಯೇ? ಡೀಸೆಲ್ಲಿಗೂ ಡ್ರೈವರಿಗೂ ಸರ್ಕಾರ ದುಡ್ಡು ಕೊಡುವುದು ತಲೆ ಲೆಕ್ಕದಲ್ಲಿ. ಎಣಿಕೆಯ ದಿನ ಗಲ್ಲಿಯಿಂದ ಹನ್ನೆರಡು ಮಕ್ಕಳು ಹತ್ತಿದರೆ ವರ್ಷವಿಡೀ ಬಸ್ಸು. ಒಂದು ಕಡಿಮೆಯಾದರೂ ಕಾಲ್ನಡಿಗೆಯೇ ಗತಿ.

"ಹನ್ನೆರಡು ತಲೆ ತಾನೇ? ನನಗೆ ಬಿಡಿ!" ಎಂದು ಯಜಮಾನರು ಮನೆಮನೆ ಅಲೆದರು. ಬಸ್ಸು ಹತ್ತುವ ಮಗುವಿಗೆ ಕಟಿಂಗ್ ಫ್ರೀ ಅಂತಲೂ ಸಾರಿದರು.

"ಊರವರ ತಲೆ ಸರಿ, ನಿಮ್ಮ ಮಗಳನ್ನು ಒಂದು ಮಾತು ಕೇಳಿದಿರಾ?" ಅಂದಳು ಹೆಂಡತಿ.

"ಅವಳನ್ನೇನು ಕೇಳೋದು? ಬಸ್ಸು ಅಂದ್ರೆ ಕುಣೀತಾಳೆ!"

"ಹಾಂ, ಕುಣೀತಾಳೆ. ನೋಡ್ತಿರಿ."

ಎಣಿಕೆಯ ದಿನ ಬಸ್ಸು ಬಂತು, ಪೆನ್ನು ಹಿಡಿದ ಅಧಿಕಾರಿಯೂ ಇಳಿದರು. ಹನ್ನೊಂದು ಮಕ್ಕಳು ಹತ್ತಿದರು, ಎಲ್ಲರದೂ ಹೊಸ ಕಟಿಂಗ್. (ಇಬ್ಬರದು ಅವಸರದಲ್ಲಿ ಸ್ವಲ್ಪ ಸೊಟ್ಟಗಾಗಿತ್ತು, ಬಿಡಿ.) ಹನ್ನೆರಡನೆಯವಳು ನಾಪತ್ತೆ. ಯಾರವಳು? ಸಾಕ್ಷಾತ್ ಸಂಘಟಕ ಮಹಾಶಯರ ಸುಪುತ್ರಿ!

ಹುಡುಕಿದರೆ, ಸಲೂನಿನ ಕುರ್ಚಿಯ ಹಿಂದೆ ಬಿಳಿ ಬಟ್ಟೆ ಹೊದ್ದು ಕೂತಿದ್ದಾಳೆ.

"ಏಯ್, ಮಾನ ಕಳೀತೀಯಲ್ಲೇ! ಬಾ, ಹತ್ತು!"

"ನಾ ಬರಲ್ಲ. ಬಸ್ಸು ಬಂದ್ರೆ ನೀನು ನನ್ನ ಜೊತೆ ಬರಲ್ಲ. ಅಂಗಡೀಲಿ ಮಾತಾಡ್ಸಿದ್ರೆ ಗಿರಾಕಿ ಇದಾರೆ ಅಂತೀಯ, ಮನೇಲಿ ಸುಸ್ತು ಅಂತೀಯ. ದಾರೀಲಿ ಮಾತ್ರ ತಾನೇ ಅಪ್ಪ ನೀನು ಮಾತಾಡೋದು?"

ದಿನವಿಡೀ ಊರ ಸುದ್ದಿಯೆಲ್ಲ ಹೇಳುವ ಯಜಮಾನರು ಮಗಳು ಹೊದ್ದಿದ್ದ ಬಿಳಿ ಬಟ್ಟೆ ತೆಗೆದು ಮಡಚಿಟ್ಟರು. ಎತ್ತಿ ಬಸ್ಸಿಗೆ ತುರುಕಬಹುದಿತ್ತು, ಮನಸ್ಸು ಬರಲಿಲ್ಲ. ಹೊರಗೆ ಬಂದು, "ಒಂದು ತಲೆ ಕಡಿಮೆ, ಸಾರ್" ಅಂದರು.

"ಹಾಗಾದರೆ ಇವತ್ತಿಗೆ ಮಾತ್ರ. ನಾಳೆಯಿಂದ ಬಸ್ಸಿಲ್ಲ" ಅಂದರು ಅಧಿಕಾರಿ.

ಗಲ್ಲಿಯ ತಾಯಂದಿರು ಸುಮ್ಮನಿರುತ್ತಾರೆಯೇ? ಮರುದಿನ ಬಾಗಿಲು ತೆಗೆದರೆ, ಹನ್ನೊಂದು ಮಕ್ಕಳು ಬ್ಯಾಗು ಹೊತ್ತು ಸಾಲಾಗಿ ನಿಂತಿವೆ.

"ಬಸ್ಸು ತಪ್ಪಿಸಿದ್ದು ನೀವಂತೆ. ಕರ್ಕೊಂಡು ಹೋಗಬೇಕಾದ್ದೂ ನೀವೇ ಅಂತೆ!" ಎಂದು ಅಮ್ಮಂದಿರ ಮಾತು ಒಪ್ಪಿಸಿದವು.

ಹೆಂಡತಿಗೆ ನಗು ತಡೆಯಲಾಗಲಿಲ್ಲ. "ಹೋಗಿಬನ್ನಿ. ಬಸ್ಸಿಗಾದರೆ ಸರ್ಕಾರ ಡೀಸೆಲ್ ಹಾಕ್ತಿತ್ತು, ನಿಮಗೆ ನಾನು ಚಹಾ ಹಾಕ್ತೀನಿ."

ಮಗಳು ಓಡಿ ಬಂದು ಅಪ್ಪನ ಬೆರಳು ಗಟ್ಟಿಯಾಗಿ ಹಿಡಿದು, ಹಿಂದೆ ತಿರುಗಿ ಕೂಗಿದಳು: "ಎಲ್ರೂ ಹಿಂದೇನೇ ಇರಿ, ಮುಂದಿನ ಸೀಟು ನಂದು! ರೈಟ್, ರೈಟ್!"

ಯಜಮಾನರು ಹೊರಟರು.