ನಾನು ಕೊಟ್ಟ ಆಫ್‌ಸೈಡ್

ಕಣ್ಣು ತೆರೆದುಕೊಂಡೇ ಕನಸು ಕಾಣುವ ಅಭ್ಯಾಸ ನನಗೆ ಮೊದಲಿನಿಂದಲೂ ಇದೆ. ಇದನ್ನು ಕವಿಹೃದಯ ಎನ್ನುವವರೂ ಇದ್ದಾರಂತೆ; ನನ್ನ ಹೆಂಡತಿ ಮಾತ್ರ ನನ್ನ ಕಾವಲಿಗೆ ಬಿಟ್ಟ ಹಾಲು ಉಕ್ಕಿದಾಗಲೆಲ್ಲ ಒಲೆಯ ಮುಂದೆ ನಿಂತು ಬೇರೆಯೇ ಹೆಸರು ಹೇಳುತ್ತಾಳೆ. ಉಕ್ಕಿದ ಹಾಲನ್ನಾದರೂ ಒರೆಸಿಬಿಡಬಹುದು. ಎಪ್ಪತ್ತರ ದಶಕದ ಕೊನೆಯಲ್ಲಿ ಪುಣೆಯ ಒಂದು ಫುಟ್‌ಬಾಲ್ ಸ್ಟೇಡಿಯಮ್ಮಿನಲ್ಲಿ, ಅಷ್ಟು ಜನರ ಎದುರು ನಾನು ಕಂಡ ಕನಸು ಹಾಗೆ ಒರೆಸುವಂಥದ್ದಾಗಿರಲಿಲ್ಲ.

ಆಗ ನಾನು ಅಲ್ಲಿನ ಒಂದು ಕಾರ್ಖಾನೆಯ ಕಚೇರಿಯಲ್ಲಿ ಗುಮಾಸ್ತ. ಧಾರವಾಡದ ಕಡೆಯವನು. ಕಾರ್ಖಾನೆಗೊಂದು ಫುಟ್‌ಬಾಲ್ ಕ್ಲಬ್ ಇತ್ತು. ಕೈಬರಹ ಚೆಂದ ಎಂಬ ಒಂದೇ ಅರ್ಹತೆಯ ಮೇಲೆ ನನ್ನನ್ನು ಅದರ ಕಾರ್ಯದರ್ಶಿ ಮಾಡಿದ್ದರು. ಆಟ ನನಗೆ ಅಷ್ಟಕ್ಕಷ್ಟೆ, ಆದರೆ ಸ್ಟೇಡಿಯಮ್ ಎಂದರೆ ಪ್ರಾಣ. ದೊಡ್ಡದೇನಲ್ಲ, ಒಂದು ಬದಿಗೆ ಕಲ್ಲಿನ ಮೆಟ್ಟಿಲು, ಇನ್ನೊಂದು ಬದಿಗೆ ಬೇವಿನ ಮರಗಳ ಸಾಲು. ಸಂಜೆಯ ಓರೆ ಬಿಸಿಲಿಗೆ ಆಟಗಾರರ ಕಾಲ್ಧೂಳು ಬಂಗಾರದ ಬಣ್ಣಕ್ಕೆ ತಿರುಗಿ ತೇಲುವಾಗ, ಬೆಚ್ಚಗಿನ ಕಲ್ಲಿಗೆ ಬೆನ್ನು ಕೊಟ್ಟು ಕೂತರೆ ಯಾವ ಊರಿನಲ್ಲಿದ್ದೇನೆ ಎಂಬುದೇ ಮರೆತುಹೋಗುತ್ತಿತ್ತು.

ನಮ್ಮ ಕ್ಲಬ್ಬಿನಲ್ಲಿ ಶರಣಪ್ಪ ಎಂಬ ಆಟಗಾರನಿದ್ದ. ಗುಲ್ಬರ್ಗಾ ಕಡೆಯವನು, ಕಾರ್ಖಾನೆಯಲ್ಲಿ ಕಬ್ಬಿಣ ಕರಗಿಸುವ ಕೆಲಸ. ಹತ್ತು ವರ್ಷ ಕಾಲ ಹಿಂದಿನ ಸಾಲಿನಲ್ಲಿ ನಿಂತು ಎದುರಾಳಿಗಳನ್ನು ತಡೆದವನು, ತಾನು ಮಾತ್ರ ಒಂದು ಗೋಲೂ ಹೊಡೆದಿರಲಿಲ್ಲ. ವಯಸ್ಸಾಯಿತು, ಈ ವರ್ಷದ ಕಪ್ ಫೈನಲ್ಲೇ ತನ್ನ ಕೊನೆಯ ಆಟ ಎಂದು, ಎಂದೂ ಸ್ಟೇಡಿಯಮ್ ಕಡೆ ಸುಳಿಯದ ಹೆಂಡತಿ ನಾಗಮ್ಮನನ್ನು ಅಂದು ಕರೆತಂದಿದ್ದ. ಆಕೆ ಇಳಕಲ್ ಸೀರೆಯ ಸೆರಗು ಹೊದ್ದು ಮೇಲಿನ ಮೆಟ್ಟಿಲಿನಲ್ಲಿ ಕೂತಿದ್ದಳು.

ಅಂದು ಬಾವುಟ ಹಿಡಿದು ಗೆರೆ ಕಾಯಬೇಕಾದ ಲೈನ್ಸ್‌ಮನ್ ಬರಲಿಲ್ಲ. ಬಾವುಟ ನನ್ನ ಕೈಗೆ ಬಂತು. ಈ ಮನುಷ್ಯನಿಂದ ಯಾವ ಅಪಾಯವೂ ಇಲ್ಲ ಎಂದು ಎದುರಿನ ಕ್ಲಬ್ಬಿನವರೂ ಒಪ್ಪಿದರು. ಕೆಲಸ ಸುಲಭದ್ದು: ಆಟಗಾರ ಎದುರಾಳಿಗಳನ್ನು ದಾಟಿ ಮೊದಲೇ ಮುಂದೆ ಹೋಗಿ ಚೆಂಡಿಗೆ ಕಾದು ನಿಂತರೆ ಅದು ಆಫ್‌ಸೈಡ್, ನಾನು ಬಾವುಟ ಎತ್ತಬೇಕು, ಗೋಲ್ ಲೆಕ್ಕಕ್ಕಿಲ್ಲ. ಅರ್ಧ ಆಟ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನೋಡಿದೆ. ಆಮೇಲೆ ಬಿಸಿಲು ಹಳದಿಯಾಯಿತು. ಬೇವಿನ ಮರಗಳ ಮೇಲೆ ಹದ್ದೊಂದು ರೆಕ್ಕೆ ಅಲುಗಿಸದೆ ತೇಲುತ್ತಿತ್ತು. ನೋಡುತ್ತ ನೋಡುತ್ತ ಚೆಂಡು ನನ್ನ ಕಾಲಿಗೇ ಬಂತು. ಒಬ್ಬನನ್ನು ದಾಟಿದೆ, ಇನ್ನೊಬ್ಬನನ್ನು ದಾಟಿದೆ, ಹೊಡೆದೆ. ಮೆಟ್ಟಿಲುಗಳು "ಗೋಲ್!" ಎಂದು ಗುಡುಗಿದವು. ನಾನು ವಿನಯದಿಂದ ಕೈ ಎತ್ತಿದೆ.

ಗುಡುಗು ನಿಜವಾದದ್ದು. ಗೋಲೂ ನಿಜವಾದದ್ದೇ, ಶರಣಪ್ಪ ಹಿಂದಿನಿಂದ ನುಗ್ಗಿ ಬಂದು ಹೊಡೆದದ್ದು. ಎತ್ತಿದ ನನ್ನ ಕೈಯಲ್ಲಿ ಬಾವುಟವಿತ್ತು.

ರೆಫರಿ ಸೀಟಿ ಊದುತ್ತ ಓಡಿ ಬಂದು, "ಕಾಯ್ ಝಾಲಂ? ಆಫ್‌ಸೈಡ್?" ಎಂದು, ಏನಾಯಿತೆಂದು ಮರಾಠಿಯಲ್ಲಿ ಕೇಳಿದರು. ಕನಸು ಕಾಣುತ್ತಿದ್ದೆ ಎನ್ನಲು ಯಾವ ಭಾಷೆಯಲ್ಲೂ ನಾಲಿಗೆ ಏಳಲಿಲ್ಲ. "ಹೋ", ಹೌದು, ಎಂದುಬಿಟ್ಟೆ. ಗೋಲ್ ರದ್ದಾಯಿತು. ಕೊನೆಗಳಿಗೆಯಲ್ಲಿ ಎದುರಿನವರು ಒಂದು ಗೋಲ್ ಹೊಡೆದು ಕಪ್ ಒಯ್ದರು.

ನಾನು ಬೈಗುಳಕ್ಕೆ ತಯಾರಾಗಿದ್ದೆ. ಬಂದದ್ದು ಸೇವಂತಿಗೆ ಹಾರ. ತನ್ನ ಕ್ಲಬ್ಬಿನ ಗೋಲನ್ನೇ ರದ್ದು ಮಾಡಿದ ಪ್ರಾಮಾಣಿಕ ಎಂದು ಮರುದಿನ ಕಚೇರಿಯಲ್ಲಿ ಮ್ಯಾನೇಜರು ಭಾಷಣ ಮಾಡಿದರು. ಶರಣಪ್ಪನಂತೂ ನನ್ನ ಎರಡೂ ಕೈ ಹಿಡಿದುಕೊಂಡು, "ಖರೇ ಮನಷ್ಯಾರ್ರಿ ಸಾಹೇಬ್ರ ನೀವು. ನಮ್ಮವ್ರು ಅಂತ ನೋಡಲಿಲ್ಲ. ನಾನ ಎಲ್ಲೋ ಗಡಿಬಿಡಿಯಾಗ ಮುಂದ ಹೋಗಿರಬೇಕು" ಎಂದ. ಆ ವಾರ ನನಗೆ ಅನ್ನ ರುಚಿಸಲಿಲ್ಲ. ಕನಸುಗಳೂ ಹತ್ತಿರ ಸುಳಿಯಲಿಲ್ಲ. ಮನೆಯಲ್ಲಿ ಒಂದು ದಿನವೂ ಹಾಲು ಉಕ್ಕಲಿಲ್ಲ.

ಮುಂದಿನ ಭಾನುವಾರ ಅದೇ ಮೆಟ್ಟಿಲ ಮೇಲೆ ಕೂರಿಸಿಕೊಂಡು ಶರಣಪ್ಪನಿಗೆ ಎಲ್ಲ ಹೇಳಿದೆ. ಅವನು ಖಾಲಿ ಮೈದಾನದಲ್ಲಿ ತಾನು ಗೋಲ್ ಹೊಡೆದ ಜಾಗವನ್ನು ಹುಡುಕಿ ನೋಡಿದ.

"ನಾಗಮ್ಮ ವಾರದಿಂದ ನನಗ ಹೇಳ್ಲಿಕತ್ತಾಳ, 'ನೀವು ಸರೀನ ನಿಂತಿದ್ರಿ, ನಾ ನೋಡೇನಿ' ಅಂತ. ನಿನಗೇನ ತಿಳೀತದ, ಸುಮ್ಕಿರು ಅಂತ ಬೈದೇನ್ರಿ ಆಕೀಗಿ" ಎಂದ. ಆಮೇಲೆ ಎದ್ದ. "ಮನಿಗೆ ಬರ್ರಿ. ಆಕಿ ಮುಂದ ಹೇಳ್ರಿ."

ನಾಗಮ್ಮ ಕಾರ್ಮಿಕರ ಸಾಲುಮನೆಗಳ ಚಾಳಿನ ಅಂಗಳದಲ್ಲಿ ಜೋಳ ಹಸನು ಮಾಡುತ್ತಿದ್ದಳು. ನಾನು ತಲೆ ತಗ್ಗಿಸಿ ಮತ್ತೊಮ್ಮೆ ಹೇಳಿದೆ. ಆಕೆ ನನ್ನ ಕಡೆ ನೋಡಲೇ ಇಲ್ಲ. ಗಂಡನನ್ನು ನೋಡಿ, "ಕೇಳಿದ್ರಿಲ್ಲ?" ಎಂದಳು. ಅವನು ಮೆಲ್ಲಗೆ, "ತಪ್ಪಾತು, ನಾಗೂ" ಎಂದ. ಮೊರ ಕೆಳಗಿಟ್ಟು ಆಕೆ ಎದ್ದಳು. ಕೊಡವನ್ನೊಂದು ಕಡೆ, ಮೊರವನ್ನೊಂದು ಕಡೆ ಇಟ್ಟು ಎದುರಾಳಿಗಳನ್ನು ಮಾಡಿದಳು. ಗಂಡನನ್ನು ಅವುಗಳನ್ನು ದಾಟದಂತೆ ಈಚೆಗೇ ನಿಲ್ಲಿಸಿ, ಚೆಂಡು ಎಲ್ಲಿಂದ ಬಂತು, ಅವನು ಯಾವಾಗ ಓಡಿದ ಎಂದು ಇಡೀ ಚಾಳಿಗೆ ತೋರಿಸಿದಳು. ನಂತರ ನನ್ನ ತೋಳು ಹಿಡಿದು ಗೋಡೆಯ ಬಳಿ ನಿಲ್ಲಿಸಿದಳು.

"ಅಣ್ಣಾರು ಇಲ್ಲಿ. ಬಾಯಿ ತಕ್ಕೊಂಡು."

ಚಾಳೆಲ್ಲ ನಕ್ಕಿತು. ಶರಣಪ್ಪ ಕಣ್ಣೊರೆಸಿಕೊಂಡು ನಕ್ಕ. ನನಗೆ ಬಿಸಿ ಚಹಾ ಸಿಕ್ಕಿತು.

ಮರುದಿನ ಮ್ಯಾನೇಜರಿಗೂ ನಿಜ ಹೇಳಿದೆ. ಸುಳ್ಳು ಹೇಳಿ ಗಳಿಸಿದ್ದ ಸತ್ಯವಂತನ ಹೆಸರು ಅಲ್ಲಿಗೆ ಮುಗಿಯಿತು. ಶರಣಪ್ಪ ಆಟ ಬಿಟ್ಟ ಮೇಲೂ ನಾಗಮ್ಮ ಮೆಟ್ಟಿಲಿಗೆ ಬರುವುದನ್ನು ಬಿಡಲಿಲ್ಲ. ಗೋಲಿನ ಬಗ್ಗೆ ಸಂಶಯ ಬಂದಾಗ ಸುತ್ತ ಕೂತವರು ಆಕೆಯ ಕಡೆ ತಿರುಗುತ್ತಿದ್ದರು. ನಾನೂ ತಿರುಗುತ್ತಿದ್ದೆ, ಎಲ್ಲರಿಗಿಂತ ಸ್ವಲ್ಪ ತಡವಾಗಿ.