ಒಡೆದ ದನಿಯ ಆಸೆ

ಒಳ್ಳೆಯ ದನಿ ಇದ್ದವನಿಗೆ ಕೆಟ್ಟ ದನಿಯ ಮೇಲೆ ಆಸೆ ಹುಟ್ಟುತ್ತದೆ ಎಂದರೆ ಯಾರೂ ನಂಬುವುದಿಲ್ಲ. ನನಗೆ ಹುಟ್ಟಿತ್ತು. ಎಂಬತ್ತರ ದಶಕದಲ್ಲಿ ನಾನು ಭೀಮಾ ದಂಡೆಯ ಮಣ್ಣೂರಿನಲ್ಲಿ ಶಾಲಾ ಮಾಸ್ತರನಾಗಿದ್ದೆ. ಸೋಮವಾರ ಸಂಜೆ ಮಠದಲ್ಲಿ ಭಜನೆ. ಮುಂದೆ ಕೂತು ಹಾಡುವವನು ನಾನು, ಸಾಲು ತಿರುಗಿ ಹೇಳುವವರು ಉಳಿದವರು. ನನ್ನ ದನಿ ಬೆಣ್ಣೆಯಂಥದ್ದೆಂದು ಊರೆಲ್ಲ ಹೊಗಳುತ್ತಿತ್ತು. ದಿನಾ ಬೆಣ್ಣೆ ತಿಂದರೆ ಅದೂ ಮುಖಕ್ಕೆ ಹೊಡೆಯುತ್ತದೆ. ಅಂಥ ಹೊತ್ತಿನಲ್ಲೇ ಆ ಕ್ಯಾಸೆಟ್ಟು ನಮ್ಮ ಮನೆಗೆ ಬಂತು.

ಆಳಂದದ ಬಸ್‌ಸ್ಟ್ಯಾಂಡಿನ ಹತ್ತಿರದ ಅಂಗಡಿಯಲ್ಲಿ ತತ್ವಪದದ ಕ್ಯಾಸೆಟ್ಟು ಕೊಂಡಿದ್ದೆ. ಮನೆಯಲ್ಲಿ ಹಾಕಿದರೆ ಏಕತಾರಿಯ ಬದಲು ಗಿಟಾರು; ಅಂಗಡಿಯವನು ಕಾಗದದಲ್ಲಿ ಸುತ್ತಿ ಬೇರೆ ಡಬ್ಬಿಯನ್ನೇ ಕೊಟ್ಟಿದ್ದ. ಅದರ ಮೇಲೆ ಒಬ್ಬ ಹೆಂಗಸಿನ ದನಿ, ಎಣ್ಣೆ ಕಾಣದ ಬಂಡಿ ಏರು ಹತ್ತಿದ ಹಾಗೆ ನರಳುತ್ತ ಮೇಲೇರುತ್ತಿತ್ತು. ದುಃಖ ತುಂಬಿ ಬಂದ ಕಡೆ ಅದು ಫಟ್ಟನೆ ಒಡೆಯುತ್ತಿತ್ತು. ನನ್ನ ಎದೆ ಝಲ್ಲೆಂದಿತು. ರೊಟ್ಟಿ ಬಡಿಯುತ್ತಿದ್ದ ನನ್ನ ಹೆಂಡತಿ ಶಾಂತಾಬಾಯಿ ಹಿಟ್ಟಿನ ಕೈಯಲ್ಲೇ ಹೊರಗೆ ಬಂದಳು. “ಪಾಪ, ಯಾರ್ರಿ ಈಕಿ? ಗಂಟಲಾ ಇಷ್ಟು ಕೆಟ್ಟರೂ ಹಾಡಾಕ ಹಚ್ಚ್ಯಾರಲ್ಲ! ಮನ್ಯಾಗ ಒಂದೀಟು ಅರಿಷಿಣ ಹಾಲು ಕೊಡೋರು ಯಾರೂ ಇಲ್ಲೇನು?”

ಡಬ್ಬಿಯೊಳಗೆ ಇಂಗ್ಲಿಷಿನಲ್ಲಿ ಅವಳ ಬದುಕು ನಾಲ್ಕು ಮಾತಿನಲ್ಲಿ ಅಚ್ಚಾಗಿತ್ತು. ಹತ್ತಿ ಬೆಳೆಯುವ ಸೀಮೆ, ದೊಡ್ಡ ಹೊಳೆಯ ಬದಿಯ ಊರು. ಚಿಕ್ಕಂದಿನಲ್ಲಿ ಚರ್ಚಿನ ಹಾಡು, ದೊಡ್ಡವಳಾದ ಮೇಲೆ ಹೆಂಡದಂಗಡಿಗಳಲ್ಲಿ ಬ್ಲೂಸೆಂಬ ದುಃಖದ ಹಾಡು, ಅದಕ್ಕೆ ರಾಕ್ ಸಂಗೀತದ ಅಬ್ಬರ. ಬಸ್ಸಿನಲ್ಲೇ ನಿದ್ದೆ, ಬಸ್ಸಿನಲ್ಲೇ ಸಂಸಾರ. ಅದನ್ನು ಓದಿದ ಮೇಲೆ ನನಗೆ ಹಗಲುಗನಸು ಶುರುವಾಯಿತು. ಸಂಜೆ ಹೊಳೆದಂಡೆಗೆ ಹೋಗಿ ಕೂತರೆ, ಜೇವರ್ಗಿಯ ಬಸ್ಸಿನಿಂದ ಅವಳು ಧೂಳು ಕೊಡವುತ್ತ ಇಳಿಯುತ್ತಿದ್ದಳು. ಬಸಿಯಲ್ಲಿ ಚಹಾ ಹೀರಿ, ನೀರಿಗೆ ಕಾಲು ಇಳಿಬಿಟ್ಟು, ಭೀಮೆಗೂ ಕೇಳಿಸದಷ್ಟು ಮೆಲ್ಲಗೆ ಹಾಡುತ್ತಿದ್ದಳು. ಹತ್ತಿ ನಮ್ಮಲ್ಲೂ ಇತ್ತು, ಹೊಳೆಯೂ ಇತ್ತು. ನನ್ನ ಗಂಟಲಿನಲ್ಲಿ ಬಿರುಕೊಂದೇ ಇರಲಿಲ್ಲ.

ಅದನ್ನೂ ಮಾಡಿಕೊಳ್ಳೋಣವೆಂದು ಶ್ರಾವಣದ ಸೋಮವಾರ, ಪದದ ಎತ್ತರದ ಸಾಲಿನಲ್ಲಿ ಬೇಕೆಂದೇ ದನಿ ಒಡೆದೆ. ಆದರೆ ನಮ್ಮ ಭಜನೆಯಲ್ಲೊಂದು ಪದ್ಧತಿಯಿದೆ. ಮುಂದಿನವನ ದನಿ ಕೈಕೊಟ್ಟರೆ ಹಿಂದಿನವರು ತಟ್ಟನೆ ಸಾಲು ಎತ್ತಿಕೊಂಡು ಅವನ ಮಾನ ಕಾಯಬೇಕು. ನಾನು ಒಡೆಯುವುದೇ ತಡ, ತಾಳ ದಮ್ಮಡಿ ಸಮೇತ ಎಲ್ಲರೂ ಮುಗಿಬಿದ್ದು ನನ್ನ ಬಿರುಕು ಮುಚ್ಚಿಬಿಟ್ಟರು. ಮರುವಾರವೂ ಅದೇ. ಮುಂಜಾನೆಯಾದರೆ ಓಣಿಯವರು ಕಷಾಯದ ತಂಬಿಗೆ ಹಿಡಿದು ಬರುತ್ತಿದ್ದರು. ಒಬ್ಬರದು ಜ್ಯೇಷ್ಠಮಧು, ಇನ್ನೊಬ್ಬರದು ಮೆಣಸು. ಕುಡಿದು ಕುಡಿದು ನನ್ನ ದನಿ ಮೊದಲಿಗಿಂತ ನುಣುಪಾಯಿತು!

ಕೊನೆಗೆ ಭಜನೆಯ ಹಿರಿಯರಾದ ಸಿದ್ರಾಮಪ್ಪನವರೇ ಮನೆಗೆ ಬಂದರು. “ಮಾಸ್ತರ, ಶ್ರಾವಣದ ಕಡೀ ಸೋಮವಾರ ನೀವು ಆರಾಮ ತಗೋರಿ. ಅಂದೋಲಾದಿಂದ ನಮ್ಮ ಅಳಿಯ ಬರ್ತಾನ, ಅಂವ ಮುಂದ ಕೂಡ್ತಾನ.” ಆ ಜಾಗ ಬಿಟ್ಟರೆ ಊರಲ್ಲಿ ನನ್ನದೆಂಬುದು ಏನಿತ್ತು? “ಇದು ಬ್ಯಾನಿ ಅಲ್ರಿ, ಬೇಕಂತ ಮಾಡಾಕತ್ತೇನಿ,” ಎಂದೆ. ಅವರು ನನ್ನನ್ನೂ ಟೇಪ್ ರೆಕಾರ್ಡರನ್ನೂ ನೋಡಿದರು. “ಬೇಕಂತ? ಆತು ತಗೋರಿ. ಈ ಸಲ ಯಾರೂ ಮ್ಯಾಲ ಬೀಳಂಗಿಲ್ಲ. ಮಂದಿ ಒಪ್ಪಿದ್ರ ಜಾಗಾ ನಿಮ್ಮದು, ಇಲ್ಲಂದ್ರ ಅಳಿಯಂದು.” ಮಾಸ್ತರ ಬೇಕೆಂದೇ ದನಿ ಒಡೆಯುತ್ತಾನೆಂಬ ಸುದ್ದಿ ಸಂಜೆಯೊಳಗೆ ಓಣಿ ಓಣಿ ತಿರುಗಿತು.

ಕಡೆಯ ಸೋಮವಾರ ಎತ್ತರದ ಸಾಲಿಗೆ ಹೋದೆ, ಇದ್ದ ಶಕ್ತಿಯನ್ನೆಲ್ಲ ಹಾಕಿ ಒಡೆದೆ. ಯಾರೂ ಎತ್ತಿಕೊಳ್ಳಲಿಲ್ಲ. ತಾಳ ನಿಂತಿತು. ಆ ಮೌನದಲ್ಲಿ ನನ್ನ ಬಿರುಕು ಬತ್ತಲೆ ನಿಂತಿತ್ತು. ಕ್ಯಾಸೆಟ್ಟಿನಲ್ಲಿ ಅವಳು ಒಡೆದ ಕಡೆಗೆಲ್ಲ ಗಿಟಾರು ಓಡಿ ಬರುತ್ತಿದ್ದುದು ಆಗ ನೆನಪಾಯಿತು. ಅವಳು ಒಂಟಿಯಾಗಿ ಹಾಡಿರಲೇ ಇಲ್ಲ. ಮುಂದಿನ ಸಾಲಿಗೆ ಉಸಿರಿಲ್ಲದೆ, ಕಣ್ಣಲ್ಲಿ ನೀರು ತುಂಬಿಕೊಂಡು ಹೆಣ್ಣುಮಕ್ಕಳ ಕಡೆ ನೋಡಿದೆ. ಶಾಂತಾಬಾಯಿ ಸೆರಗು ಸರಿಮಾಡಿಕೊಂಡು ಆ ಸಾಲು ಎತ್ತಿದಳು. ಅವಳ ಹಿಂದೆ ಇಡೀ ಮಠ ಎತ್ತಿತು. ಆ ದನಿಗಳ ಮೇಲೆ ತೇಲುತ್ತ ನಾನು ದಂಡೆ ಸೇರಿದೆ. “ಜಾಗಾ ನಿಮ್ಮದಽ ಮಾಸ್ತರ,” ಎಂದರು ಸಿದ್ರಾಮಪ್ಪ, “ಒಡದ ಸಾಲಷ್ಟು ನಮಗ ಬಿಡ್ರಿ.”

ಮರುದಿನ ಎದ್ದರೆ ಗಂಟಲು ನಿಜವಾಗಿಯೂ ಹೋಗಿತ್ತು. ಉಗುಳು ನುಂಗಿದರೂ ಜೀವ ಹೋಗುವಂಥ ಉರಿ. ಕಟ್ಟೆಯ ಮೇಲೆ ಕೂತು ದಾರಿ ನೋಡಿದೆ. ಒಂದು ತಂಬಿಗೆಯೂ ಬರಲಿಲ್ಲ. ಕೊನೆಗೆ ನಾಚಿಕೆ ಬಿಟ್ಟು, “ಏ ಇವಳೇ, ಒಂದೀಟು ಕಷಾಯ...” ಎಂದು ಕೀರಲು ದನಿಯಲ್ಲಿ ಕೂಗಿದೆ.

ಒಳಗಿಂದ ರೊಟ್ಟಿ ಬಡಿಯುವ ಸಪ್ಪಳ ಒಂದು ಗಳಿಗೆ ನಿಂತಿತು. “ಹಾಂ, ಈಗ ಖರೇ ಆಕೀ ಹಂಗಽ ಬಂತು ನೋಡ್ರಿ!” ಎಂದಳು ಶಾಂತಾಬಾಯಿ. “ಇನ್ನೊಮ್ಮೆ ಹಾಡ್ರಿ.”