ಹೋದ ವಾರ ಒಂದು ಗಂಟೆ

“ನಿರುದ್ಯೋಗಿ ಅಂತ ಬರೆದ್ರೆ ನಾನು ಸಹಿ ಹಾಕಲ್ಲ, ಅಷ್ಟೇ!”

ಉದ್ಯೋಗ ಸಮೀಕ್ಷೆಗೆ ಬಂದ ಹುಡುಗಿ ಎತ್ತಿದ ಪೆನ್ನನ್ನು ಇಳಿಸಲಿಲ್ಲ. ನಿವೃತ್ತಿಯಾಗಿ ಐದು ವರ್ಷವಾದರೂ ಬಾಗಿಲ ಫಲಕದಲ್ಲಿ ‘ಮ್ಯಾನೇಜರ್’ ಎಂದೇ ಉಳಿಸಿಕೊಂಡವರು ಹೀಗೆಂದವರು. ಆಫೀಸಿನಲ್ಲಿ ಮೂರು ದಿನ ಮುಂಚೆ ಅರ್ಜಿ ಕೊಡದವನಿಗೆ ಜ್ವರ ಬಂದರೂ ರಜೆ ಕೊಟ್ಟವರಲ್ಲ. ಇವತ್ತು ಸಮೀಕ್ಷೆ ಎಂದು ಇಸ್ತ್ರಿ ಶರ್ಟು ತೊಟ್ಟು ಕಾದಿದ್ದರು. ಮೂಲೆಯಲ್ಲಿ ಹೆಂಡತಿಯ ಹೊಲಿಗೆ ಮಿಷನ್ನು ಕಟಕಟ ಎನ್ನುತ್ತಿತ್ತು.

ಹುಡುಗಿ: ಕೆಲಸ ಹುಡುಕ್ತಿರೋರು ಮಾತ್ರ ನಿರುದ್ಯೋಗಿ ಸರ್. ನೀವು ಹುಡುಕ್ತಾನೂ ಇಲ್ವಲ್ಲ.

ಮ್ಯಾನೇಜರ್: ಅಂದ್ರೆ ಅದಕ್ಕಿಂತಲೂ ಕಡೆಯಾದ್ನಾ?

ಹೆಂಡತಿ: ದಿನಾ ಕನ್ನಡಕ ಹುಡುಕ್ತಾರೆ ಕಣಮ್ಮ. ಅದು ಬರಲ್ವಾ?

ಮ್ಯಾನೇಜರ್: ನೀನು ಸುಮ್ನಿರೇ. ನೋಡಮ್ಮ, ಪೇಪರಲ್ಲೇ ಇದೆ. ಒಂದು ದೇಶದಲ್ಲಿ ಅರವತ್ತೈದು ದಾಟಿದ ಗಂಡಸರಲ್ಲಿ ಮೂವರಿಗೊಬ್ಬ ಇನ್ನೂ ದುಡೀತಾನಂತೆ. ಇನ್ನೊಂದರಲ್ಲಿ ಇಪ್ಪತ್ತು ಜನಕ್ಕೊಬ್ಬ. ನಾನು ಆ ಮೊದಲನೇ ದೇಶದ ಥರದೋನು.

ಹೆಂಡತಿ: ಹೆಂಗಸರ ಲೆಕ್ಕ?

ಮ್ಯಾನೇಜರ್: ಎರಡು ಕಡೆಯೂ ಗಂಡಸರಿಗಿಂತ ಕಮ್ಮಿ.

ಹೆಂಡತಿ: ಕಮ್ಮಿ ಇರದೆ ಇನ್ನೇನು? ಎಣಿಸೋಕೆ ಬಂದೋರು ಟೀ ಕುಡಿದು ಹೋಗ್ತಾರೆ. ಟೀ ಮಾಡಿದೋಳನ್ನ ಯಾರು ಎಣಿಸ್ತಾರೆ?

ಹುಡುಗಿ ಕೈಯಲ್ಲಿದ್ದ ಟೀ ಲೋಟವನ್ನು ಸದ್ದಾಗದಂತೆ ಕೆಳಗಿಟ್ಟಳು.

ಹುಡುಗಿ: ಸರ್, ಹೋದ ವಾರ ಸಂಪಾದನೆಯ ಕೆಲಸ ಒಂದೇ ಒಂದು ಗಂಟೆ ಮಾಡಿದ್ರೂ ಸಾಕು, ‘ಉದ್ಯೋಗದಲ್ಲಿದ್ದಾರೆ’ ಅಂತ ಬರೀತೀನಿ.

ಮ್ಯಾನೇಜರ್: ಒಂದೇ ಗಂಟೆನಾ! ಆಫೀಸಿನಲ್ಲಿ ಮೂವತ್ತು ವರ್ಷ ನಾನು ದಿನಾ...

ಹೆಂಡತಿ: ಅಲ್ಲೂ ಅಷ್ಟೇ ಮಾಡ್ತಿದ್ದಿದ್ದು.

ಮ್ಯಾನೇಜರ್: ಬರ್ಕೊಳ್ಳಮ್ಮ. ಸೋಮವಾರ, ಬ್ಯಾಂಕಿನವರಿಗೆ ಸಲಹೆ.

ಹೆಂಡತಿ: ಕ್ಯೂನಲ್ಲಿ ನಿಂತು ಬೈದ್ರು.

ಮ್ಯಾನೇಜರ್: ಮಂಗಳವಾರ, ರಸ್ತೆ ರಿಪೇರಿ ಮೇಲುಸ್ತುವಾರಿ.

ಹೆಂಡತಿ: ಗೇಟಿಗೆ ಒರಗಿ ನೋಡಿದ್ರು. ‘ತಾತ, ಧೂಳು, ಒಳಗ್ಹೋಗಿ’ ಅಂತ ರಸ್ತೆ ಕೆಲಸದವರೇ ಕಳಿಸಿದ್ರು.

ಮ್ಯಾನೇಜರರ ಮೀಸೆ ಇಳಿಯಿತು. ‘ಈಗ ಏನು ಮಾಡ್ಕೊಂಡಿದೀರಿ?’ ಎಂದು ಯಾರಾದರೂ ಕೇಳಿದಾಗ ಮಾಡುವಂತೆ, ಈಗಲೂ ಕನ್ನಡಕ ತೆಗೆದು ಒರೆಸತೊಡಗಿದರು.

ಹುಡುಗಿ: ಅಮ್ಮ, ಈ ಬಟ್ಟೆ ರಾಶಿ?

ಹೆಂಡತಿ: ಬೀದಿಯವರದ್ದು. ಪ್ಯಾಂಟು ಗಿಡ್ಡ ಮಾಡೋದು, ಜಿಪ್ಪು ಹಾಕೋದು. ದಿನಕ್ಕೆ ಆರು ಗಂಟೆ ಹಿಡಿಯುತ್ತೆ.

ಹುಡುಗಿ: ಸ್ವಂತ ಉದ್ಯೋಗ!

ಮ್ಯಾನೇಜರ್: ಏ, ಅದು ಹವ್ಯಾಸ ಕಣಮ್ಮ!

ಹೆಂಡತಿ: ನಿಮ್ಮ ಹಲ್ಲುಸೆಟ್ಟು ಆ ಹವ್ಯಾಸದಿಂದಲೇ ಬಂದಿದ್ದು.

ಮ್ಯಾನೇಜರು ಬಾಯಿ ಮುಚ್ಚಿದರು, ಹಲ್ಲುಸೆಟ್ಟಿನ ಸಮೇತ.

ಹುಡುಗಿ: ಸಹಾಯಕ್ಕೆ ಯಾರಾದ್ರೂ?

ಮಿಷನ್ನು ನಿಂತಿತು. ಹೆಂಡತಿ ಗಂಡನ ಮುಖ ನೋಡಿದಳು.

ಹೆಂಡತಿ: ಒಬ್ಬರಿದ್ದಾರೆ. ಬಟನ್ ಹಚ್ತಾರೆ. ಆಫೀಸ್ ಬ್ಯಾಗಲ್ಲಿಟ್ಕೊಂಡು ಬಟ್ಟೆ ಮನೆಮನೆಗೆ ಮುಟ್ಟಿಸ್ತಾರೆ. ವಾರಕ್ಕೆ ಹತ್ತು ಗಂಟೆ. ಸಂಬಳ ಇಲ್ಲ.

ಮ್ಯಾನೇಜರ್: ಯಾರಿಗೂ ಹೇಳ್ಬೇಡ ಅಂದಿರ್ಲಿಲ್ವೇನೇ!

ಹೆಂಡತಿ: ಬೀದಿಗೆಲ್ಲ ಗೊತ್ತು. ಅವರಿಗೆ ಗೊತ್ತು ಅನ್ನೋದು ನಿಮಗೊಬ್ಬರಿಗೇ ಗೊತ್ತಿರ್ಲಿಲ್ಲ.

ಹುಡುಗಿ: ಮನೆಯವರ ಉದ್ಯೋಗಕ್ಕೆ ಸಂಬಳ ಇಲ್ದೆ ದುಡಿದ್ರೂ ನಮ್ಮ ಲೆಕ್ಕದಲ್ಲಿ ಉದ್ಯೋಗವೇ ಸರ್! ಸಹಿ ಮಾಡಿ.

ಸಹಿಯ ಕೆಳಗೆ ಕೈ ತಾನಾಗಿಯೇ ‘ಮ್ಯಾನೇಜರ್’ ಎಂದು ಬರೆಯಿತು. ಅವರು ಮೂಲೆಯತ್ತ ಒಮ್ಮೆ ನೋಡಿ, ಅದನ್ನು ಹೊಡೆದು ಹಾಕಿ, ‘ಸಹಾಯಕ’ ಎಂದು ದುಂಡಗೆ ತಿದ್ದಿದರು. ಹುಡುಗಿ ಹೊರಟದ್ದೇ ತಡ, ಎದೆ ಉಬ್ಬಿಸಿ ಮೈ ಮುರಿದರು.

ಮ್ಯಾನೇಜರ್: ಅಂತೂ ಉದ್ಯೋಗಸ್ಥ ಆದೆ! ಒಂಚೂರು ಮಲಗಿ ಏಳ್ತೀನಿ.

ಹೆಂಡತಿ: ಎರಡು ಪ್ಯಾಂಟಿಗೆ ಬಟನ್ ಬಾಕಿ ಇದೆ. ಮಲಗೋದಿದ್ರೆ ಅರ್ಜಿ ಕೊಡಿ, ಮೂರು ದಿನ ಮುಂಚೆ.